ನನ್ನ ವಾರಗಿತ್ತಿಯ ಬಿಳಿ ಕಾರು

ನನ್ನ ವಾರಗಿತ್ತಿ ಸುನಂದಳ ಬಗ್ಗೆ ಯಾರಾದರೂ ಕೊಂಕು ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಬೈಯಬಹುದು, ಅದು ಬೇರೆ ಮಾತು. ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ನನ್ನ ಗಂಡ ಶ್ರೀನಿವಾಸಪ್ಪ ಅಣ್ಣ, ಅವಳ ಗಂಡ ಕದಿರೇಶ ತಮ್ಮ. ಸುಗಟೂರಿನಲ್ಲಿ ನಮ್ಮದು ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ. ಅವಳು ಒಗ್ಗರಣೆ ಹಾಕಿದರೆ ಸೀನು ನನಗೆ ಬರುತ್ತದೆ.

ಸುನಂದಳ ತವರು ಟೇಕಲ್. ಮದುವೆಯಾಗಿ ಬಂದಾಗಿನಿಂದ ಹಸು, ಹಿಪ್ಪುನೇರಳೆ, ರೇಷ್ಮೆ ಹುಳು ಅಂತ ಕೂತಲ್ಲಿ ಕೂರದ ಜೀವ. ನಲವತ್ತೈದು ತುಂಬಿದ ಮೇಲೆ ಅವಳಿಗೆ ಕಾರು ಕಲಿಯುವ ಹುಚ್ಚು ಹಿಡಿಯಿತು.

"ಯಾಕೆ ಬೇಕು ಕಣೇ ನಿನಗೆ ಇದೆಲ್ಲ?" ಎಂದು ಕೇಳಿದೆ. ಅತ್ತೆಯ ಮಂಡಿನೋವು, ಬಸ್ಸಿನ ಕಷ್ಟ, ಏನಾದರೂ ಒಂದು ನೆಪ ಹೇಳುತ್ತಾಳೆ ಅಂದುಕೊಂಡಿದ್ದೆ.

"ಓಡಿಸ್ಬೇಕು ಅನ್ಸುತ್ತೆ ಅಕ್ಕ, ಅಷ್ಟೇ," ಎಂದಳು.

ತನ್ನ ಆಸೆಯನ್ನು ಇಷ್ಟು ನೇರವಾಗಿ ಹೇಳಿಕೊಂಡ ಹೆಂಗಸನ್ನು ನಾನಂತೂ ನೋಡಿರಲಿಲ್ಲ. ನನಗೆ ಹೊಟ್ಟೆಕಿಚ್ಚೂ ಆಯಿತು, ಖುಷಿಯೂ ಆಯಿತು. ಬೆಳಗ್ಗೆ ಹುಳುವಿಗೆ ಸೊಪ್ಪು ಹಾಕಿ ಕೋಲಾರದ ಬಸ್ಸು ಹತ್ತುತ್ತಿದ್ದಳು, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಮಧ್ಯಾಹ್ನದ ಸೊಪ್ಪಿನ ಹೊತ್ತಿಗೆ ವಾಪಸ್. ಲೈಸೆನ್ಸ್ ಬಂತು. ರೇಷ್ಮೆ ಗೂಡು ಮಾರಿ ಕೂಡಿಟ್ಟಿದ್ದ ದುಡ್ಡಿನಲ್ಲಿ ಹಳೆಯದೊಂದು ಬಿಳಿ ಕಾರೂ ಬಂತು.

ನನ್ನ ಯಜಮಾನರ ಬಾಯಿ ಸುಮ್ಮನಿರಬೇಕಲ್ಲ! "ಈಯಮ್ಮ ರೋಡಿಗೆ ಇಳಿದ್ರೆ ಹೊಂಗೆ ಮರಗಳೇ ಪಕ್ಕಕ್ಕೆ ಸರ್ಕೊಂಡು ದಾರಿ ಬಿಡ್ತವೆ ನೋಡ್ರೋ," ಎಂದು ಹಾಲಿನ ಡೇರಿ ಮುಂದೆ ಊರನ್ನೆಲ್ಲ ನಗಿಸಿದರು. ಕದಿರೇಶನಿಗೆ ಅಣ್ಣ ಅಂದರೆ ಮೊದಲಿಂದಲೂ ಅಳುಕು. ಮನೆಗೆ ಬಂದವನೇ ಹೆಂಡತಿಗೆ ಷರತ್ತು ಹಾಕಿದ. "ಎಲ್ಲಾದ್ರೂ ಒಂದ್ ಗುದ್ದು ಬಿತ್ತೋ, ಮಾರ್ಬಿಡ್ತೀನಿ. ಆಮೇಲೆ ಮಾತಿಲ್ಲ." ಸುನಂದ ಹೂಂ ಅಂದಳು.

ವರ್ಷ ಕಳೆದರೂ ಕಾರಿಗೆ ಒಂದು ಗೀರು ಬೀಳಲಿಲ್ಲ. ಅತ್ತೆ ದೊಡ್ಡಗಂಗಮ್ಮನವರನ್ನು ಆಸ್ಪತ್ರೆಗೆ ಕರೆದೊಯ್ದಳು. ಮಾವಿನ ಕಾಲದಲ್ಲಿ ನಾವಿಬ್ಬರೇ ಶ್ರೀನಿವಾಸಪುರಕ್ಕೆ ಹೋಗಿ ಹಣ್ಣು ತಂದೆವು. ದಾರಿಯುದ್ದಕ್ಕೂ ಗಂಡಂದಿರನ್ನು ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು. ನಮ್ಮ ಬೀದಿ ಇಳಿಜಾರು. ಹಾಗಾಗಿ ಅವಳು ಕಾರನ್ನು ಮೂತಿ ಕೆಳಕ್ಕಿರುವಂತೆ ಗೋಡೆ ಪಕ್ಕ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸಾಲದು ಅಂತ ಮುಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದಳು.

"ಬ್ರೇಕ್ ಮೇಲೆ ನಂಬಿಕೆ ಇಲ್ವೇನೇ?"

"ಐತೆ ಅಕ್ಕ. ಕಲ್ಲಿನ ಮೇಲೆ ಇನ್ನೊಂಚೂರು ಜಾಸ್ತಿ ಐತೆ."

ಆ ದಿನ ಬೆಳಗ್ಗೆ ನಮ್ಮ ಟೊಮೊಟೊ ಕೋಲಾರದ ಮಂಡಿಗೆ ಹೊರಟಿತ್ತು. ಬೀದಿಯ ಕೆಳಗಿನ ಶೆಡ್ಡಿನ ಹತ್ತಿರ ಪಿಕಪ್ ಗಾಡಿಗೆ ಬಾಕ್ಸ್ ತುಂಬಿ ಆಗಿತ್ತು. ಡ್ರೈವರು ಆಂಜಿ, ಮುಳಬಾಗಿಲ ಕಡೆಯವನು. ಗಾಡಿ ತಿರುಗಿಸಲು ಮೇಲಕ್ಕೆ ರಿವರ್ಸ್ ಬರಬೇಕು. ನನ್ನ ಯಜಮಾನರು ಹಿಂದೆ ನಿಂತು ದಾರಿ ತೋರಿಸುತ್ತಿದ್ದರು. ಒಂದು ಕೈಯಲ್ಲಿ ಕಿವಿಗೆ ಫೋನು, ಮಂಡಿಯವನ ಹತ್ತಿರ ರೇಟಿನ ಮಾತು. ಇನ್ನೊಂದು ಕೈ ಗಾಳಿಯಲ್ಲಿ, "ಬರ್ಲಿ, ಬರ್ಲಿ, ಇನ್ನೂ ಬರ್ಲಿ." ನಾನು ಜಗಲಿಯ ಮೇಲೆ ರಾಗಿ ಕೇರುತ್ತಾ ಎಲ್ಲ ನೋಡುತ್ತಿದ್ದೆ. ಕೂಗುವಷ್ಟರಲ್ಲಿ ಧಡ್ ಅಂತು. ಸುನಂದಳ ಕಾರಿನ ಮುಂದಿನ ದೀಪ ಪುಡಿಪುಡಿ, ಬಂಪರ್ ಜೋತುಬಿತ್ತು.

ಆಂಜಿ ಗಾಬರಿಯಲ್ಲಿ ಕೆಳಗೆ ಹಾರಿದ. ಹಾರಿದ್ದು ನೇರ ಚರಂಡಿಗೆ. "ಪೋಯಿಂದ್ರಾ ದೇವುಡಾ, ನನ್ ಕಾಲು!" ಎಂದು ಅರ್ಧ ತೆಲುಗಿನಲ್ಲಿ ಕೂಗಿ ಕೂತುಬಿಟ್ಟ. ಜನ ಸೇರಿದರು. ನಮ್ಮೂರಲ್ಲಿ ಗುದ್ದಿದ ಗಾಡಿಯ ಕೀ ಕಿತ್ತುಕೊಳ್ಳುವುದೇ ಮೊದಲ ಕೆಲಸ. ಯಾರೋ ಕಿತ್ತುಕೊಂಡರು. ನನ್ನ ಯಜಮಾನರು ಫೋನು ಜೇಬಿಗೆ ಹಾಕಿ, ಸುತ್ತ ನೋಡಿ, ಒಂದು ಮಾತು ಅಂದರು.

"ಕಾರೇ ಜಾರ್ಕೊಂಡು ಬಂತು ಕಣ್ರೋ! ಈಯಮ್ಮ ಹ್ಯಾಂಡ್ ಬ್ರೇಕೇ ಹಾಕಿಲ್ಲ."

ಅಬ್ಬಾ, ಆ ಸುಳ್ಳೇ! ಕೈಲಿದ್ದ ಮೊರ ಎತ್ತಿ ಎಸೆಯೋಣ ಅನ್ನಿಸಿತು. ಆದರೆ ಕಟ್ಟಿಕೊಂಡ ಗಂಡ, ಬೀದಿಯ ಜನರ ಮುಂದೆ ಹೇಗೆ ಬಾಯಿ ಬಿಡಲಿ? ನಾಲಿಗೆ ಕಚ್ಚಿಕೊಂಡೆ. ಕದಿರೇಶ ತಲೆ ತಗ್ಗಿಸಿ, "ಹೇಳಿದ್ನಲ್ಲ ಸುನಂದ, ಒಂದ್ ಗುದ್ದು ಬಿದ್ರೆ ಮಾರೋದೇ," ಎಂದ.

ಸುನಂದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಿಡಿದೇ ಹೊರಗೆ ಬಂದಿದ್ದಳು. ಕೂಗಲಿಲ್ಲ, ಅಳಲಿಲ್ಲ. ಮೊದಲು ಆಂಜಿಯನ್ನು ಜಗಲಿಗೆ ಹತ್ತಿಸಿ ಕಾಲಿಗೆ ಒದ್ದೆ ಬಟ್ಟೆ ಸುತ್ತಿದಳು. ಅಷ್ಟರಲ್ಲಿ ನಮ್ಮತ್ತೆ ಪೊರಕೆ, ಬೂದುಗುಂಬಳಕಾಯಿ ಎರಡನ್ನೂ ಹಿಡಿದು ಬಂದರು. "ಯಾವ ಮುಂಡೇದರ ಕಣ್ಣು ಬಿತ್ತೋ! ಗಾಜು ತುಳಿದಾರು, ಗುಡಿಸಿ ಒಂದು ಕಾಯಿ ಒಡೀತೀನಿ," ಎಂದು ಚಕ್ರದ ಕಲ್ಲನ್ನು ಎತ್ತಿಡಲು ಬಗ್ಗಿದರು.

"ಅತ್ತೆ, ಏನೂ ಮುಟ್ಟಬೇಡಿ!"

ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮುಂದೆ ದನಿ ಎತ್ತದ ಹೆಣ್ಣು ಸುನಂದ. ಅತ್ತೆಯ ಕೈಯಿಂದ ಪೊರಕೆ ಜಾರಿಬಿತ್ತು. "ಫೋಟೋ ಆಗೋವರ್ಗೂ ಯಾರೂ ಏನೂ ಮುಟ್ಟಂಗಿಲ್ಲ," ಎಂದು ಸುನಂದ ಫೋನು ತೆಗೆದಳು. ದೂರದಿಂದ ಎರಡೂ ಗಾಡಿ, ಹತ್ತಿರದಿಂದ ದೀಪ, ಬಂಪರ್, ಚಕ್ರ, ಪಿಕಪ್ಪಿನ ನಂಬರ್. ಆಂಜಿಯ ಲೈಸೆನ್ಸ್, ಅವನ ಗಾಡಿಯ ಇನ್ಶೂರೆನ್ಸ್ ಕಾಗದ, ಅವುಗಳದ್ದೂ ಫೋಟೋ. ಆಮೇಲೆ ತನ್ನ ಇನ್ಶೂರೆನ್ಸ್ ಕಂಪನಿಗೆ ಫೋನು ಮಾಡಿ ಇದ್ದದ್ದು ಇದ್ದಹಾಗೆ ಹೇಳಿದಳು. ಅವರು ನಾಳೆ ಬಂದು ನೋಡುತ್ತೇವೆ, ಅಲ್ಲಿಯವರೆಗೆ ರಿಪೇರಿ ಮಾಡಿಸಬೇಡಿ ಅಂದರಂತೆ.

"ಭಾವ, ಇಲ್ಲಿ ನೋಡಿ," ಎಂದು ಚಕ್ರ ತೋರಿಸಿದಳು. "ಜಾರಿದ್ರೆ ಕಾರು ಕಲ್ಲು ಹತ್ತಿ ಈಚೆ ಬರ್ಬೇಕಿತ್ತು. ಕಲ್ಲು ಅಲ್ಲೇ ಐತೆ. ಗಾಡಿ ಗುದ್ದಿದ ಏಟಿಗೆ ಚಕ್ರ ಕಲ್ಲು ಬಿಟ್ಟು ಗೇಣುದ್ದ ಮೇಲಕ್ಕೆ ಹೋಗೈತೆ."

"ಕಲ್ಲನ್ನ ಆಮೇಲೆ ಯಾರ್ ಇಟ್ರೋ," ಎಂದು ಇವರು ಮುಖ ತಿರುಗಿಸಿದರು. ದೊಡ್ಡ ಮನುಷ್ಯರ ಮಾತು, ಜನ ಅದಕ್ಕೇ ತಲೆಯಾಡಿಸಿದರು. ಆಂಜಿ ಬಾಯಿ ತೆರೆದು, ಬಾಡಿಗೆ ಕೊಡುವ ಧಣಿಯ ಮುಖ ನೋಡಿ, ಮುಚ್ಚಿಕೊಂಡ.

ಆಗ ಮಂಡಿಯಿಂದ ಫೋನು. ಹರಾಜು ಶುರುವಾಗುತ್ತಿದೆ, ಮಾಲು ಎಲ್ಲಿ? ಆಂಜಿಯ ಪಾದ ಗುಂಡಗೆ ಊದಿತ್ತು. ಊರಿನ ಬೇರೆ ಗಾಡಿಗಳೆಲ್ಲ ಆಗಲೇ ಹೋಗಿದ್ದವು. ನಮ್ಮ ಮನೆಯ ಗಂಡಸರಿಗೆ ಬೈಕು ಬಿಟ್ಟರೆ ಬೇರೆ ಗೊತ್ತಿಲ್ಲ.

"ಕೀ ಕೊಡಿ," ಎಂದಳು ಸುನಂದ.

"ನೀನಾ?"

"ಗೇರು ಗೇರೇ, ಬ್ರೇಕು ಬ್ರೇಕೇ. ಬರೋದಾದ್ರೆ ಹತ್ತಿ ಭಾವ, ಹಣ್ಣು ಕಾಯಲ್ಲ."

"ಅಕ್ಕಾ, ಸೆಕೆಂಡ್ ಗೇರ್ ಸ್ವಲ್ಪ ಮೊಂಡು, ಒತ್ತಿ ಹಾಕಿ," ಎಂದು ಆಂಜಿ ಜಗಲಿಯಿಂದ ಕೂಗಿದ. ನಾನೂ ನಡುವೆ ಹತ್ತಿ ಕೂತೆ. ನನ್ನ ಗಂಡನ ಮುಖ ನೋಡುವ ಭಾಗ್ಯ ಬಿಟ್ಟುಕೊಡಲು ನನಗೇನು ಹುಚ್ಚೇ? ಊರು ದಾಟುವವರೆಗೆ ಅವರು ಕಣ್ಣು ಮುಚ್ಚಿ ಮನೆದೇವರ ಹೆಸರು ಹೇಳುತ್ತಿದ್ದರು. ಒಂದು ತಿರುವಿನಲ್ಲಿ ಖಾಸಗಿ ಬಸ್ಸೊಂದು ಓವರ್‌ಟೇಕ್ ಮಾಡುತ್ತಾ ನಮ್ಮ ಮೇಲೇ ಬಂತು. ಸುನಂದ ವೇಗ ಇಳಿಸಿ ಮೆಲ್ಲಗೆ ಮಣ್ಣಿಗೆ ಇಳಿಸಿ, ಬಸ್ಸು ಹೋದ ಮೇಲೆ ಮತ್ತೆ ರಸ್ತೆಗೆ ಹತ್ತಿಸಿದಳು. ಒಂದು ಹಣ್ಣೂ ಉರುಳಲಿಲ್ಲ. ಅಲ್ಲಿಂದ ಯಜಮಾನರು ಕಣ್ಣು ಬಿಟ್ಟುಕೊಂಡೇ ಕೂತರು. ಹರಾಜಿಗೆ ಸರಿಯಾಗಿ ಮಂಡಿ ಸೇರಿದೆವು, ಮಾಲು ಒಳ್ಳೆಯ ರೇಟಿಗೇ ಹೋಯಿತು.

ಸುನಂದ ಡೀಸೆಲ್ ಹಾಕಿಸಲು ಇಳಿದಾಗ ನಾನು ಗಂಡನನ್ನು ಹಿಡಿದುಕೊಂಡೆ.

"ನಾಳೆ ಇನ್ಶೂರೆನ್ಸ್‌ನೋರು ಬರ್ತಾರೆ. ಕಾರು ನಿಂತಿತ್ತು ಅಂತ ನೀವು ಹೇಳ್ತೀರೋ, ನಾನ್ ಹೇಳ್ಲೋ?"

"ನನ್ ಮರ್ಯಾದೆ ಏನಾಗ್ಬೇಕೇ?"

"ಟೊಮೊಟೊ ಬೀದೀಲಿ ಕೊಳೆತಿದ್ರೆ ಉಳೀತಿತ್ತಾ ಮರ್ಯಾದೆ?"

ಅವರು ಊರು ಬರುವವರೆಗೂ ಕಿಟಕಿಯ ಆಚೆ ನೋಡುತ್ತಿದ್ದರು.

ಮರುದಿನ ಇನ್ಶೂರೆನ್ಸ್ ಕಡೆಯಿಂದ ಒಬ್ಬ ಬಂದ. ಬೀದಿಯವರೆಲ್ಲ ಮತ್ತೆ ಸೇರಿದರು. ಅವನು ಬಂಪರ್ ಮುಟ್ಟಿ ನೋಡಿ, ಸುನಂದಳನ್ನು ನೋಡಿ, ಸಣ್ಣಗೆ ನಕ್ಕ. "ಮೇಡಂ, ನಿಜ ಹೇಳಿ. ನೀವು ಓಡಿಸ್ವಾಗ ಎಲ್ಲಾದ್ರೂ ತಗುಲಿಸಿದ್ರಾ?"

ಅವಳ ಮುಖ ಬಿಳಿಚಿಕೊಂಡಿತು. ಫೋಟೋ ತೋರಿಸಲು ಫೋನು ತೆಗೆದಳು. ಕದಿರೇಶ ನೆಲ ನೋಡುತ್ತಿದ್ದ. ಇನ್ನು ಗಂಡನೂ ಇಲ್ಲ ಗಿಂಡನೂ ಇಲ್ಲ ಅಂತ ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದೆ. ಅಷ್ಟರಲ್ಲಿ ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು.

"ಸಾರ್, ಆಯಮ್ಮನ್ನ ಕೇಳ್ಬೇಡಿ, ನನ್ನ ಕೇಳಿ," ಎಂದರು ಯಜಮಾನರು. "ಕಾರು ನಿಂತಿತ್ತು. ಕಲ್ಲು ಕೊಟ್ಟು ನಿಲ್ಸಿದ್ಲು. ಆಂಜಿನ ಹಿಂದಕ್ಕೆ ಕರೆದೋನು ನಾನು. ನೋಡ್ದೆ ಕರೆದೆ. ಕಾರು ಜಾರ್ತು ಅಂತ ನಿನ್ನೆ ಸುಳ್ಳು ಹೇಳಿದೋನೂ ನಾನೇ."

ನಾನು ಹೇಳಿ ಅಂದಿದ್ದು ಕಾರು ನಿಂತಿತ್ತು ಅನ್ನುವ ಮಾತು ಮಾತ್ರ. ಉಳಿದದ್ದೆಲ್ಲ ಅವರೇ ಹೇಳಿದ್ದು. ಅವರು ತಮ್ಮನ ಕಡೆ ತಿರುಗಿ, "ಲೇ ಕದಿರೇಶ, ಇನ್ನೊಂದ್ಸಲ ಕಾರು ಮಾರೋ ಮಾತು ಎತ್ತಿದ್ಯೋ, ನನ್ ಮನೆ ಬಾಗಿಲು ತುಳೀಬೇಡ," ಎಂದು ಗದರಿದರು.

"ನಾನೆಲ್ಲಣ್ಣ ಎತ್ತಿದೆ?" ಎಂದ ಆ ಪುಣ್ಯಾತ್ಮ. ಎಲ್ಲರೂ ಗೊಳ್ಳೆಂದು ನಕ್ಕರು, ಇನ್ಶೂರೆನ್ಸ್‌ನವನೂ ನಕ್ಕ.

ಸುನಂದ ಮಾತ್ರ ನಗಲಿಲ್ಲ. ದೀಪ ಒಡೆದಾಗ ಒಂದು ಹನಿ ಕಣ್ಣೀರು ಹಾಕದವಳು, ನನ್ನ ಹೆಗಲಿಗೆ ಮುಖ ಒತ್ತಿ ಬಿಕ್ಕಿದಳು. "ದೀಪ ಹೋದ್ರೆ ಬೇರೆ ಹಾಕಿಸ್ಬೋದು ಅಕ್ಕ. ನಾನು ಹೇಳೋದ್ನ ಮನೇಲಿ ಒಬ್ರಾದ್ರೂ ನಂಬ್ತಾರಾ ಇಲ್ವಾ ಅನ್ನೋದೇ ಚಿಂತೆ ಆಗೋಗಿತ್ತು ನಂಗೆ," ಎಂದಳು. ಕದಿರೇಶ ಅದನ್ನು ಕೇಳಿಸಿಕೊಂಡ. ನಗು ನಿಲ್ಲಿಸಿ ಅವಳ ಹತ್ತಿರ ಬಂದು ನಿಂತ.