ಪಾದರಸದಲ್ಲಿ ಕಂಡ ಅರಿಶಿನಕೊಂಬು

ದೆವ್ವ, ಶಕುನ, ಶಾಪ ಎಂದರೆ ನಗುತ್ತಿದ್ದವನು ನಾನು. ಯಾರಾದರೂ ಅಂಥ ಕಥೆ ತೆಗೆದರೆ ಪುರಾಣ ಬೇಡ, ಪುರಾವೆ ಕೊಡಿ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನ ಬಳಿಯೇ ಪುರಾವೆಯಿಲ್ಲದ ಸಂಗತಿಯೊಂದಿದೆ.

ತೆಲುಗು ನಾಡಿನ ರಾಜಧಾನಿಯ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಜೊತೆಯವರೆಲ್ಲ ಸಾಫ್ಟ್‌ವೇರ್ ಎಂದು ಅತ್ತ ಓಡಿದರು. ನಾನು ಬಾಲಾನಗರದ ಸಣ್ಣ ವರ್ಕ್‌ಶಾಪೊಂದರಲ್ಲೇ ಉಳಿದೆ. ಅಲ್ಲಿ ನಾವು ದ್ರವಕನ್ನಡಿಯ ದೂರದರ್ಶಕವೊಂದನ್ನು ಸಿದ್ಧಮಾಡುತ್ತಿದ್ದೆವು. ಅಗಲವಾದ ತಟ್ಟೆಯಲ್ಲಿ ಪಾದರಸ ಹಾಕಿ ನಿಧಾನವಾಗಿ ತಿರುಗಿಸಿದರೆ ಅದು ತಾನಾಗಿ ಬಾಗಿ ಕನ್ನಡಿಯಾಗುತ್ತದೆ. ಚಿನ್ನ ತಾಗಿದರೆ ಪಾದರಸ ಅದನ್ನು ನುಂಗಿ ತಾನೂ ಕೆಡುತ್ತದೆ. ಚಿನ್ನ ಬಿಚ್ಚಿಟ್ಟೇ ಒಳಗೆ ಬರಬೇಕೆಂದು ಬಾಗಿಲಿಗೆ ಚೀಟಿ ಅಂಟಿಸಿದವನು ನಾನೇ.

ಕೋಣೆ ಒರೆಸಲು ಬರುತ್ತಿದ್ದ ಯಾದಗಿರಿ ಕಡೆಯ ಮಲ್ಲಮ್ಮ ಸುತರಾಂ ಒಪ್ಪಲಿಲ್ಲ. "ಗಂಡ ಇರೂಮುಂದ ತಾಳಿ ಹೆಂಗ ಬಿಚ್ಚಲ್ರಿ ಸಾಹೇಬ್ರ?" ಎಂದು ಹೊರಟೇ ಹೋದಳು. ಮರುದಿನ ಬಂದು ಸೆರಗು ತುಸು ಸರಿಸಿ ಕುತ್ತಿಗೆ ತೋರಿಸಿದಳು. "ಬಂಗಾರ ಮನ್ಯಾಗ ಇಟ್ಟ ಬಂದೀನ್ರಿ. ಅರಿಶಿಣ ಕೊಂಬು ಕಟ್ಕೊಂಡೀನಿ. ಇದನ್ನ ನಿಮ್ಮ ಪಾರಾ ತಿನ್ನಂಗಿಲ್ಲಲ್ರಿ?" ಇಬ್ಬರೂ ನಕ್ಕೆವು. ಆ ಕೊಂಬಿನ ವಿಷಯ ಗೊತ್ತಿದ್ದುದು ನನಗೊಬ್ಬನಿಗೇ.

ಮೊದಲ ವೀಕ್ಷಣೆಗೆ ಒಂದು ವಾರವಿತ್ತು. ನನ್ನ ಮದುವೆಯ ಉಂಗುರ ಬಿಗಿಯಾಗಿತ್ತು; ಕೈಗವಸು ಇದೆಯಲ್ಲ ಎಂಬ ಉಡಾಫೆಯಲ್ಲಿ ತೆಗೆಯಲಿಲ್ಲ. ಗವಸು ಹರಿದಿತ್ತು. ಹೊರಗೆ ಬಂದು ನೋಡಿದರೆ ಉಂಗುರ ಬಿಳಿಚಿಕೊಂಡಿತ್ತು. ಮರುದಿನ ಪಾದರಸದ ಮೇಲೆ ಮಂಕು ಪೊರೆ. ಯಾರದೋ ಚಿನ್ನ ತಾಗಿದೆ ಎಂದು ಮಾಲೀಕರು ಕೂಗಾಡಿದರು. ತಾಳಿ ಬಿಚ್ಚಲೊಪ್ಪದ ಹೆಂಗಸಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಅವಳನ್ನೇ ಕರೆಸಿದರು.

ಅವರಿಗೆ ಕನ್ನಡ ಬಾರದು, ಅವಳಿಗೆ ಅವರ ತೆಲುಗು ಬಾರದು. ಅಷ್ಟು ಗಂಡಸರ ಮುಂದೆ ಸೆರಗು ಸರಿಸಲೂ ಅವಳಿಗಾಗಲಿಲ್ಲ. "ನೀವು ನೋಡೀರಲ್ರಿ ಸಾಹೇಬ್ರ, ಬಂಗಾರ ಇರಲಿಲ್ಲಂತ ಹೇಳ್ರಿ" ಎಂದಳು. ನಾನು ಕೈಯನ್ನು ಜೇಬಿನಲ್ಲಿಟ್ಟುಕೊಂಡು, ತೆಲುಗಿನಲ್ಲಿ, "ತಪ್ಪಾಯಿತು ಎನ್ನುತ್ತಿದ್ದಾಳೆ" ಎಂದೆ. ತನ್ನ ಪರವಾಗಿ ಮಾತಾಡಿದೆನೆಂದು ಅವಳು ನನಗೆ ಕೈ ಮುಗಿದಳು. ಕಟ್ಟಡದಿಂದ ಬಿದ್ದು ಹಾಸಿಗೆ ಹಿಡಿದಿದ್ದ ಗಂಡನನ್ನು ಅವಳು ಸಾಕುತ್ತಿದ್ದುದು ಆ ಕೂಲಿಯಲ್ಲೇ. ಅಂದೇ ಅವಳ ಕೆಲಸ ಹೋಯಿತು.

ಪಾದರಸವನ್ನು ಶುದ್ಧಮಾಡಿ ಮತ್ತೆ ತುಂಬಿದೆವು. ಮೊದಲ ವೀಕ್ಷಣೆಯ ಸಂಜೆ, ಇನ್ನೂ ಬೆಳಕಿರುವಾಗಲೇ, ಮೇಲಿನ ಅಟ್ಟಣೆಯಿಂದ ಬಗ್ಗಿದೆ. ಕನ್ನಡಿಯಲ್ಲಿ ನನ್ನ ಮುಖ ತಲೆಕೆಳಗಾಗಿ ಕಂಡಿತು, ಅದು ಸಹಜ. ಆದರೆ ಕುತ್ತಿಗೆಯಲ್ಲಿ ಹಳದಿ ದಾರ, ದಾರದಲ್ಲಿ ಅರಿಶಿನಕೊಂಬು. ಗಾಬರಿಯಿಂದ ಕುತ್ತಿಗೆ ಮುಟ್ಟಿಕೊಂಡೆ, ಏನೂ ಇರಲಿಲ್ಲ. ಕನ್ನಡಿಯೊಳಗಿನ ಕೈ ಮಾತ್ರ ಕೊಂಬನ್ನು ಹಿಡಿದಿತ್ತು.

ಪಾಪಪ್ರಜ್ಞೆ ಕಣ್ಣು ಕಟ್ಟಿತು ಎನ್ನಬಹುದಿತ್ತು. ಆದರೆ ಪಕ್ಕದಲ್ಲಿ ಬಗ್ಗಿದ್ದ ನನ್ನ ಸಹಾಯಕ ಎಂಜಿನಿಯರ್ ಶ್ರೀನಿವಾಸ, ಕನ್ನಡಿ ನೋಡುತ್ತಲೇ ನಕ್ಕ. "ಏಂಟಿ ಅನ್ನಾ, ಮೆಡಲೋ ಪಸುಪು ಕೊಮ್ಮು?" ಕುತ್ತಿಗೆಗೆ ಅರಿಶಿನಕೊಂಬೇಕೆ ಎಂದು ಅವನ ತಮಾಷೆ. ಆಮೇಲೆ ನನ್ನತ್ತ ತಿರುಗಿದ. ಅವನ ನಗು ಅಲ್ಲೇ ನಿಂತಿತು.

ಆ ರಾತ್ರಿ ನಕ್ಷತ್ರಗಳು ಚೆನ್ನಾಗಿಯೇ ಕಂಡವು. ಮಾಲೀಕರು ಎಲ್ಲರಿಗೂ ಸಿಹಿ ಹಂಚಿದರು. ಆಗಲಾದರೂ ಬಾಯಿಬಿಟ್ಟಿದ್ದರೆ ಮಲ್ಲಮ್ಮನನ್ನು ವಾಪಸು ಕರೆಸುತ್ತಿದ್ದರು. ನಾನು ಬಾಯಿಬಿಡಲಿಲ್ಲ. ತಿಂಗಳ ಮೇಲೆ, ವಿಮಾನ ನಿಲ್ದಾಣ ಕಟ್ಟುತ್ತಿದ್ದ ಶಂಶಾಬಾದಿನ ಕೂಲಿಯವರ ಶೆಡ್ಡುಗಳಲ್ಲಿ ಅವಳನ್ನು ಹುಡುಕಿದೆ. ಆ ಹೆಸರಿನವರು ಬಹಳ ಜನ ಇದ್ದರು, ಅವಳು ಇರಲಿಲ್ಲ.

ನಾವಿಬ್ಬರೂ ಕಂಡದ್ದು ಏನೆಂದು ನನಗೆ ಇಂದಿಗೂ ತಿಳಿಯದು. ನೆಂಟರಿಷ್ಟರ ನಡುವೆ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ, ಎಲ್ಲರೂ ಮೈ ಜುಮ್ಮೆಂದಿತು ಎನ್ನುತ್ತಾರೆ. ಪ್ರತಿ ಸಲವೂ, ಪಾದರಸ ಕೆಡಿಸಿದ್ದು ಮಲ್ಲಮ್ಮನೇ ಎಂದು ಹೇಳಿದ್ದೇನೆ.