ಪೈಪ್‌ಲೈನಿನ ಮೂಗು

ಸಮುದ್ರದಡಿಯ ಬಾವಿಗಳಿಂದ ಎಣ್ಣೆ, ಗ್ಯಾಸು ಎರಡನ್ನೂ ಹೊತ್ತು ತರುವ ಪೈಪು ದಡ ಹತ್ತಿದ ಮೇಲೆ ಒಂಬತ್ತು ಮೈಲಿ ಮರಳಿನಲ್ಲಿ ಸಾಗಿ ಟ್ಯಾಂಕುಗಳನ್ನು ಸೇರುತ್ತಿತ್ತು. ಅದರ ಪಕ್ಕದಲ್ಲಿ ದಿನವೂ ನಡೆದು, ಎಲ್ಲಿ ಸೋರುತ್ತಿದೆ ಎಂದು ಮೂಸಿ ಹೇಳುವುದು ಅವನ ಕೆಲಸ. ಎಲ್ಲರೂ ಅವನನ್ನು ‘ಮೂಗು’ ಎಂದೇ ಕರೆಯುತ್ತಿದ್ದರು. ಯಂತ್ರ ಕೈಕೊಟ್ಟರೂ ನಮ್ಮ ಮೂಗು ಕೈಕೊಡುವುದಿಲ್ಲ ಎಂದು ಇಂಜಿನಿಯರು ಹೊರಗಿನವರ ಮುಂದೆ ಬೆನ್ನು ತಟ್ಟಿದಾಗೆಲ್ಲ ಅವನು ಉಬ್ಬಿಹೋಗುತ್ತಿದ್ದ. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಅವನ ಮೂಗಿನ ಶಕ್ತಿ ಸತ್ತದ್ದು ಗೊತ್ತಾದದ್ದು ಅಡುಗೆಮನೆಯಲ್ಲಿ. ಒಲೆಯ ಮೇಲೆ ಹಾಲು ಸೀದು ತಳ ಹಿಡಿದಿತ್ತು. ಬೆನ್ನು ತಿರುಗಿಸಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದವನಿಗೆ ತಿಳಿಯಲೇ ಇಲ್ಲ.

“ಯಾವ ಲೋಕದಲ್ಲಿದ್ದೀಯೋ? ಬೀದಿಗೆಲ್ಲ ಹೊಡೀತಿದೆ ವಾಸನೆ!” ಅಕ್ಕ ಹೊರಗಿನಿಂದ ಓಡಿಬಂದು ಬೈದಳು.

ಅವನು ಸೋಪು ಮೂಸಿದ, ಸೀಮೆಎಣ್ಣೆ ಮೂಸಿದ. ಉಹೂಂ. ಡಾಕ್ಟರು, “ಇಷ್ಟು ವರ್ಷ ಆ ಗ್ಯಾಸನ್ನೇ ಎಳ್ಕೊಂಡಿದ್ದೀಯ. ಇನ್ನು ವಾಪಸ್ ಬರೋದು ಕಷ್ಟ” ಅಂದುಬಿಟ್ಟರು.

ಬೇರೆ ಕಸುಬು ಗೊತ್ತಿಲ್ಲ. ಗಂಡ ತೀರಿದ ಮೇಲೆ ಅಕ್ಕನೂ ಅವನ ಜೊತೆಗೇ ಇದ್ದಳು. ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಜಾಯಿಂಟು ಜಾಯಿಂಟಿಗೂ ಬಗ್ಗಿ ಮೂಗರಳಿಸಿದ. ಸಂಜೆ ಕಂಪನಿಯ ತಪಾಸಣೆ ಪುಸ್ತಕದಲ್ಲಿ ‘ಸೋರಿಕೆ ಇಲ್ಲ’ ಎಂದು ಬರೆದ. ಒಂದೂವರೆ ವರ್ಷ ದಕ್ಕಿಸಿಕೊಂಡ.

ಅಕ್ಕ ಪೈಪಿನ ಕೆಳಗಿನ ಅಳಿವೆಯಲ್ಲಿ ಕಪ್ಪೆಚಿಪ್ಪು ಹೆಕ್ಕಿ, ದಡದಲ್ಲೇ ಒಲೆ ಹೂಡಿ ಬೇಯಿಸಿ ಮಾರುತ್ತಿದ್ದಳು. ಒಂದು ಬೆಳಿಗ್ಗೆ ಇನ್ನಿಬ್ಬರು ಹೆಂಗಸರೊಂದಿಗೆ ಅವನನ್ನು ತಡೆದಳು.

“ನಿನ್ನೆಯಿಂದ ಕೊಳೆತ ಮೊಟ್ಟೆ ವಾಸನೆ ಕಣೋ. ಸ್ವಲ್ಪ ನೋಡು.”

ಮೂವರೂ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಬಗ್ಗಿದ, ಉಸಿರೆಳೆದ.

“ಕೆಸರಿನ ವಾಸನೆ ಅಕ್ಕ. ಏನಿಲ್ಲ.”

“ಮೂಗೇ ಹೇಳಿದ ಮೇಲೆ ಇನ್ನೇನು, ನಡೀರೇ!” ಎಂದು ನಕ್ಕು ಅವಳು ದಡಕ್ಕಿಳಿದಳು.

ಅವನು ಇನ್ನೂರು ಹೆಜ್ಜೆ ಹೋಗಿರಲಿಲ್ಲ. ಅವಳು ಒಲೆಗೆ ಕಡ್ಡಿ ಗೀರಿದಳು. ತಗ್ಗಿನಲ್ಲಿ ತುಂಬಿ ನಿಂತಿದ್ದ ಗ್ಯಾಸು ಭಗ್ಗೆಂದಿತು. ನೀರಿನಲ್ಲಿದ್ದ ಇಬ್ಬರು ಪಾರಾದರು. ಅಕ್ಕನ ಎರಡೂ ಕೈ, ಅರ್ಧ ಮುಖ ಸುಟ್ಟುಹೋದವು. ಒಡೆದ ಜಾಯಿಂಟಿನಿಂದ ಎರಡು ದಿನ ಕಪ್ಪೆಣ್ಣೆ ಅಳಿವೆಗೆ ಸುರಿಯಿತು. ಚಿಪ್ಪುಗಳು ರಾಶಿ ರಾಶಿಯಾಗಿ ಬಾಯಿ ತೆರೆದು ಸತ್ತವು.

ತನಿಖೆಗೆ ಬಂದವರಿಗೆ ಕಂಪನಿ ಅವನ ಪುಸ್ತಕ ತೋರಿಸಿತು. ಹಿಂದಿನ ಸಂಜೆಯವರೆಗೂ ಸೋರಿಕೆಯಿಲ್ಲ, ತಪ್ಪೆಲ್ಲ ಪೈಪಿನ ಹತ್ತಿರ ಒಲೆ ಹಚ್ಚಿದವಳದು ಎಂದಾಯಿತು.

“ನೀನು ಬರೆದದ್ದೇ ನಮ್ಮನ್ನ ಉಳಿಸ್ತು ಕಣಯ್ಯಾ,” ಇಂಜಿನಿಯರು ಅವನ ಕೈ ಕುಲುಕಿದರು. ಅವನು ಕೈ ಕೊಟ್ಟ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನರ್ಸು, “ಗಾಯದಿಂದ ಕೆಟ್ಟ ವಾಸನೆ ಬಂದ್ರೆ ತಕ್ಷಣ ಕರ್ಕೊಂಡು ಬನ್ನಿ” ಎಂದಳು. ಅಕ್ಕನ ಮೂಗು ಪಟ್ಟಿಯೊಳಗೆ ಮುಚ್ಚಿಹೋಗಿತ್ತು. ದಿನವೂ ಬೆಳಿಗ್ಗೆ ಅವಳು ಕೈ ಚಾಚುತ್ತಿದ್ದಳು: “ಮೂಸಿ ನೋಡೋ.”

“ಚೆನ್ನಾಗಿದೆ ಅಕ್ಕ.”

ಐದನೆಯ ದಿನ ಪಕ್ಕದ ಮನೆಯಾಕೆ ಹೊಸಿಲು ದಾಟುತ್ತಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅಷ್ಟರಲ್ಲಿ ಎಡಗೈ ಕೊಳೆತಿತ್ತು. ಡಾಕ್ಟರು ಮಣಿಕಟ್ಟಿನವರೆಗೆ ಕತ್ತರಿಸಿದರು.

ಆಗ ಅವನು ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿಕೊಂಡ. ಅವಳು ಕೊನೆಯವರೆಗೂ ಕೇಳಿದಳು.

“ಅವತ್ತು ದಡದಲ್ಲಿ ‘ನಂಗೆ ಗೊತ್ತಾಗ್ತಿಲ್ಲ ಅಕ್ಕ’ ಅಂದಿದ್ರೆ ಸಾಕಿತ್ತಲ್ಲೋ,” ಎಂದಳು.

ಅದೇ ಅವಳು ಅವನೊಡನೆ ಆಡಿದ ಕೊನೆಯ ಮಾತು. ಕೆಲಸ ಅವನಿಗೆ ಉಳಿಯಿತು. ಕಂಪನಿಗೆ ಅವನು ಬೇಕಾಗಿದ್ದ. ಅವಳಿಗೆ ಹೋಗಲು ಬೇರೆ ಮನೆಯಿರಲಿಲ್ಲ, ಸುಟ್ಟು ಮುರುಟಿದ ಬಲಗೈಗೆ ತುತ್ತೆತ್ತಲು ಆಗುತ್ತಿರಲಿಲ್ಲ. ದಿನವೂ ಅವನು ಕಲಸಿ ಬಾಯಿಗಿಡುತ್ತಿದ್ದ. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬಾಯಿ ತೆರೆಯುತ್ತಿದ್ದಳು.