ಸೇಫ್ಟಿ ಉಪೇಂದ್ರರ ಮೀಸೆ

ನಮ್ಮ ಯಜಮಾನರು ಅಮೆರಿಕದವರ ಫುಟ್‌ಬಾಲ್ ಆಡಲು ಶುರುಮಾಡಿದ್ದು ಆಟದ ಮೇಲಿನ ಪ್ರೀತಿಯಿಂದಲ್ಲ, ಒಂದು ಪದವನ್ನು ತಪ್ಪಾಗಿ ತಿಳಿದುಕೊಂಡದ್ದರಿಂದ. ಇದನ್ನು ಅವರು ಇಂದಿಗೂ ಒಪ್ಪುವುದಿಲ್ಲ. “ತಪ್ಪು ತಿಳ್ಕೊಂಡಿದ್ದು ನಮ್ಮ ಬಾಸ್ ಡೇಲ್, ನಾನಲ್ಲ” ಎನ್ನುತ್ತಾರೆ. ಮೈಸೂರಿನ ಒಂಟಿಕೊಪ್ಪಲಿನ ಹಟ ಅದು. ನಾನೂ ಅದೇ ಬೀದಿಯವಳಾದ್ದರಿಂದ ನನಗೆ ಚೆನ್ನಾಗಿ ಗೊತ್ತು.

೧೯೯೩ರಲ್ಲಿ ನಾವು ಹೊರದೇಶಕ್ಕೆ ಬಂದು, ಬಿಶಾನ್ ಎಂಬ ಬಡಾವಣೆಯಲ್ಲಿ ಒಂದು ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದೆವು. ಇವರು ಪಕ್ಕದ ಬಡಾವಣೆ ಆಂಗ್ ಮೋ ಕಿಯೋದ ಒಂದು ಡಿಸ್ಕ್ ಡ್ರೈವ್ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಕನ್ನಡಕ ಹಾಕದೆ ಯಂತ್ರದ ಮುಂದೆ ನಿಂತವರನ್ನು ಗದರುವುದು, ತುರ್ತು ಬಾಗಿಲಿಗೆ ಅಡ್ಡವಾಗಿ ಪೆಟ್ಟಿಗೆ ಇಟ್ಟವರಿಗೆ ಪಾಠ ಹೇಳುವುದು, ನೆಲ ಒದ್ದೆಯಾದ ಕಡೆ ‘ಜಾರುತ್ತದೆ’ ಎಂಬ ಹಳದಿ ಬೋರ್ಡು ನಿಲ್ಲಿಸುವುದು ಅವರ ಕೆಲಸ. ಇವರು ತಟ್ಟೆ ಹಿಡಿದು ಬರುವುದು ಕಂಡರೆ ಕ್ಯಾಂಟೀನಿನಲ್ಲಿ ಜನ ಬೇರೆ ಮೇಜು ಹುಡುಕುತ್ತಿದ್ದರಂತೆ. ಏನೂ ಆಗದಿದ್ದರೆ ಆ ಕೆಲಸ ಚೆನ್ನಾಗಿ ನಡೆದಿದೆ ಎಂದರ್ಥ. ಏನೂ ಆಗದ್ದಕ್ಕೆ ಯಾರು ಭೇಷ್ ಎನ್ನುತ್ತಾರೆ? ಸಂಜೆ ಕಾಫಿ ಲೋಟ ಹಿಡಿದು ಕೂತರೆ ಮುಖ ಬಾಡಿರುತ್ತಿತ್ತು. ಮೀಸೆ ಮಾತ್ರ ಯಾವತ್ತೂ ಸೊಂಪಾಗಿರುತ್ತಿತ್ತು.

ಡೇಲ್ ಎಂಬುವನು ಇವರ ಮೇಲಧಿಕಾರಿ, ಟೆಕ್ಸಾಸಿನವನು. ಭಾನುವಾರ ಬೆಳಿಗ್ಗೆ ಅವನೂ ಊರಿನಲ್ಲಿದ್ದ ಇತರ ಅಮೆರಿಕನ್ನರೂ ಸೇರಿ ತಮ್ಮ ದೇಶದ ಫುಟ್‌ಬಾಲ್ ಆಡುತ್ತಿದ್ದರು. ಒಂದು ಶುಕ್ರವಾರ ಅವನು ಇವರ ಮೇಜಿನ ಹತ್ತಿರ ಬಂದು, “ಈ ಭಾನುವಾರ ನೀನೇ ನಮ್ಮ ಸೇಫ್ಟಿ, ಬರ್ತೀಯಲ್ಲ?” ಎಂದು ಕೇಳಿದ. ಇವರಿಗೆ ಸಂತೋಷವೋ ಸಂತೋಷ. ಆಟದ ಮೈದಾನಕ್ಕೂ ಸುರಕ್ಷತೆ ಬೇಕೆಂದು ಕೊನೆಗೂ ಒಬ್ಬನಿಗಾದರೂ ಅನ್ನಿಸಿತಲ್ಲ! ಇಸ್ತ್ರಿ ಮಾಡಿದ ಪ್ಯಾಂಟು, ತಲೆಗೆ ಹೆಲ್ಮೆಟ್ಟು, ಒಂದು ಕೈಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಆ ಹಳದಿ ಬೋರ್ಡು ಹಿಡಿದು ಟ್ಯಾಕ್ಸಿ ಹತ್ತಿದರು. ಹಿಂದಿನ ದಿನ ಮಳೆ ಬಂದಿತ್ತು ನೋಡಿ.

ಮೈದಾನದ ನಡುವೆ ಇವರು ಬೋರ್ಡು ನಿಲ್ಲಿಸಿದಾಗ ಆ ಜನ ನಕ್ಕು ನಕ್ಕು ಹುಲ್ಲಿನ ಮೇಲೆ ಉರುಳಿದರಂತೆ. ಆ ಆಟದಲ್ಲಿ ಸೇಫ್ಟಿ ಎಂದರೆ ತನ್ನ ತಂಡದ ಎಲ್ಲರ ಹಿಂದೆ, ಕಟ್ಟಕಡೆಯಲ್ಲಿ ನಿಂತು ಕಾಯುವ ಆಟಗಾರ. ಎದುರಾಳಿ ಉಳಿದವರನ್ನೆಲ್ಲ ದಾಟಿ ಬಂದರೆ ಅವನನ್ನು ತಡೆಯಲು ಇರುವವನು ಇವನೊಬ್ಬನೇ. ಅವತ್ತು ಅವರ ಸೇಫ್ಟಿ ರಜೆಯ ಮೇಲೆ ಊರಿಗೆ ಹೋಗಿದ್ದ. ಇವರು ತಿರುಗಿ ಮನೆಗೆ ಬರಬಹುದಿತ್ತು. ಬರಲಿಲ್ಲ. ಪ್ಯಾಂಟು ಮಡಿಸಿಕೊಂಡು, “ಏನು ಮಾಡಬೇಕು ಹೇಳು” ಎಂದು ಡೇಲ್‌ನನ್ನು ಕೇಳಿದರು. ಅವನು ಹೇಳಿದ್ದು ಒಂದೇ ಮಾತು: “ಯಾರನ್ನೂ ನಿನ್ನ ಹಿಂದಕ್ಕೆ ಹೋಗಲು ಬಿಡಬೇಡ.”

ಅದೃಷ್ಟಕ್ಕೆ ಅವರು ಆಡುತ್ತಿದ್ದುದು ಅದರ ಸಾಧು ರೂಪ. ಎದುರಾಳಿಯನ್ನು ಕೆಡವುವಂತಿಲ್ಲ. ಅವನ ಸೊಂಟದಲ್ಲಿ ತೂಗುವ ಕೆಂಪು ಬಟ್ಟೆಪಟ್ಟಿಯನ್ನು ಕಿತ್ತರೆ ಸಾಕು, ಅವನ ಓಟ ಅಲ್ಲಿಗೇ ಮುಗಿಯಿತು. ಉಳಿದವರೆಲ್ಲ ಚೆಂಡು ಹೋದ ಕಡೆ ಹೋ ಎಂದು ನುಗ್ಗಿದರೆ, ಇವರು ಚೆಂಡಿನ ಆಸೆಯೇ ಇಲ್ಲದೆ ಹಿಂದೆ ನಿಂತು, ಎಲ್ಲಿ ಎಡವಟ್ಟಾಗುತ್ತದೆ ಎಂದು ನೋಡುತ್ತಿದ್ದರು. ಹತ್ತು ವರ್ಷದಿಂದ ಸಂಬಳ ಎಣಿಸಿದ್ದೇ ಅದಕ್ಕೆ. ಮೂರು ಪಟ್ಟಿ ಕಿತ್ತರಂತೆ. ಆದರೂ ತಂಡ ಸೋತಿತು.

“ಸೋತ್ವಿ ನಿಜ, ಆದ್ರೆ ನನ್ನ ಕಡೆಯಿಂದ ಅಲ್ಲ” ಎಂದು ಮನೆಗೆ ಬಂದು ಎದೆಯುಬ್ಬಿಸಿದರು.

“ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂದ್ನಂತೆ” ಎಂದೆ.

“ನಾನು ಬಿದ್ದೇ ಇಲ್ವಲ್ಲೇ, ಬೇಕಾದ್ರೆ ನೋಡು!” ಎಂದು ಮೀಸೆಯನ್ನು ನನ್ನ ಮುಖದ ಹತ್ತಿರ ತಂದರು.

ಮುಂದಿನ ವಾರವೂ ಕರೆದರು. ಹಳೆಯ ಸೇಫ್ಟಿ ರಜೆ ಮುಗಿಸಿ ಬಂದಾಗ ಅವನನ್ನೇ ಬೇರೆ ಜಾಗಕ್ಕೆ ಹಾಕಿದರು. ನನ್ನ ಭಾನುವಾರದ ಎಣ್ಣೆಸ್ನಾನ, ಬಿಸಿಬೇಳೆಬಾತು ಎಲ್ಲ ಮಧ್ಯಾಹ್ನಕ್ಕೆ ಹೋಯಿತು. ನಾನು ಗೊಣಗಿದೆ, ಸಹಿಸಿದೆ. ಸಹನೆಯ ಕಟ್ಟೆ ಒಡೆದದ್ದು ಡೇಲ್ ಕೊಟ್ಟ ಒಂದು ವೀಡಿಯೊ ಕ್ಯಾಸೆಟ್ಟಿನಿಂದ. ಅದರಲ್ಲಿ ಸಂಬಳಕ್ಕೆ ಆಡುವ ನಿಜವಾದ ಸೇಫ್ಟಿಯೊಬ್ಬನ ಹನ್ನೆರಡು ವರ್ಷದ ಆಟವಿತ್ತು. ಆಹಾ, ಏನು ಚೆಂದ! ಗೂಳಿಗಳು ಗುದ್ದಿಕೊಂಡಂತೆ ಗುದ್ದಿಕೊಳ್ಳುವುದು, ಸ್ಟ್ರೆಚರಿನ ಮೇಲೆ ಹೋಗುವುದು, ಮರುವರ್ಷ ಮಂಡಿಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಬರುವುದು. ಇವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

“ಇವನು ಎಷ್ಟು ಗೋಲು ತಡ್ದಿದಾನೆ ಗೊತ್ತಾ? ಆದ್ರೂ ಚೆಂಡು ಹಿಡ್ದೋನ ಹೆಸರೇ ಎಲ್ರ ಬಾಯಲ್ಲಿ” ಎಂದರು.

ನಾನು ಟಿವಿ ಆರಿಸಿದೆ. ನನಗೆ ನಿಜವಾಗಿಯೂ ಭಯವಾಗಿತ್ತು. ಇವರ ಕೆಲಸದ ಪರವಾನಗಿಯ ಮೇಲೆ ನಾನೂ ಮಗಳೂ ಸೇರಿ ನಾವು ಮೂವರೂ ಈ ಊರಿನಲ್ಲಿ ಇದ್ದೆವು. ಸೇಫ್ಟಿ ಆಫೀಸರೇ ಕಾಲು ಮುರಿದುಕೊಂಡು ಮಲಗಿದರೆ ಕೇಳುವವರು ಯಾರು? ಹಿಡಿದು ಕೂರಿಸಲು ನನ್ನ ಕಡೆಯವರೂ ಇಲ್ಲ, ಅವರ ಕಡೆಯವರೂ ಇಲ್ಲ.

“ಕೇಳಿಸ್ಕೊಳ್ಳಿ. ನಿಂತ್ಕೊಂಡು ಎಷ್ಟು ಬೇಕಾದ್ರೂ ಆಡಿ. ಆದ್ರೆ ನಿಮ್ಮ ಮೀಸೆ ಮಣ್ಣಾದ ದಿನ ಆಟ ಬಂದ್.”

“ಆಯ್ತು. ಮಾತು ಅಂದ್ರೆ ಮಾತು” ಎಂದರು. ನಿಯಮ ಎಂದರೆ ಪ್ರಾಣ ಬಿಡುವ ಮನುಷ್ಯ, ಮೀರುವವರಲ್ಲ. ಮೂರು ವರ್ಷ ಬೀಳದೆಯೇ ಆಡಿದರು. ಪ್ರತಿ ಭಾನುವಾರ ಬಾಗಿಲು ತೆರೆದ ಕೂಡಲೇ ಮುಖ ಮುಂದೆ ಚಾಚಿ, “ಇನ್‌ಸ್ಪೆಕ್ಷನ್ ಮಾಡ್ಕೋ” ಎನ್ನುವುದು, ನಾನು ಮೀಸೆ ನೋಡಿ ಒಳಗೆ ಬಿಡುವುದು. ಮಗಳು ಶ್ರೀಯಾ ಇದನ್ನೊಂದು ವ್ರತ ಎಂದೇ ತಿಳಿದಿದ್ದಳು.

ನಾನು ಮೈದಾನಕ್ಕೆ ಮೊದಲ ಸಲ ಹೋದದ್ದು ೧೯೯೬ರ ಡಿಸೆಂಬರಿನಲ್ಲಿ. ವರ್ಷದ ಕೊನೆಯ ಪಂದ್ಯ, ಆಮೇಲೆ ಊಟ, ಎಲ್ಲರೂ ಮನೆಯವರನ್ನು ಕರೆತರಬೇಕು ಎಂದಿದ್ದರು. ಒಂದು ದೊಡ್ಡ ಡಬ್ಬಿ ಪುಳಿಯೋಗರೆ ಹೊತ್ತು, ಸೀರೆ ಎತ್ತಿ ಹಿಡಿದು, ಒದ್ದೆ ಹುಲ್ಲಿನ ಮೇಲೆ ಬೈದುಕೊಳ್ಳುತ್ತಾ ನಡೆದೆ. ಆಗ ಒಂದು ಕೂಗು ಕಿವಿಗೆ ಬಿತ್ತು.

“ಊಪೀ! ಊಪೀ!”

ಮೊದಲು ಅರ್ಥವಾಗಲಿಲ್ಲ. ಆಮೇಲೆ ನೋಡಿದರೆ, ಅಷ್ಟು ಜನ ಕೂಗುತ್ತಿದ್ದುದು ನಮ್ಮವರ ಹೆಸರನ್ನು. ಅವರ ನಾಲಿಗೆಗೆ ಉಪೇಂದ್ರ ಸಿಕ್ಕದೆ ಊಪಿ ಆಗಿತ್ತು. ಆಳೆತ್ತರದ ಗಂಡಸರು ಓಡಿಬಂದು ಇವರ ಬೆನ್ನು ತಟ್ಟುತ್ತಿದ್ದರು. ಇವರ ಮುಖ ನೋಡಿದೆ. ಕ್ಯಾಂಟೀನಿನಲ್ಲಿ ಒಂಟಿಯಾಗಿ ಉಣ್ಣುವ ಮನುಷ್ಯನ ಮುಖ ಅದಾಗಿರಲಿಲ್ಲ. ಇದನ್ನು ಕಿತ್ತುಕೊಳ್ಳುವ ಕರಾರು ಹಾಕಿದವಳು ನಾನೇ ತಾನೆ?

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು, ಇವರ ತಂಡ ಒಂದು ಕೂದಲೆಳೆಯಷ್ಟು ಮುಂದಿತ್ತು. ಎದುರು ತಂಡದ ಒಬ್ಬ ಚೆಂಡನ್ನು ಕಂಕುಳಲ್ಲಿ ಒತ್ತಿ ಹಿಡಿದು ಎಲ್ಲರನ್ನೂ ದಾಟಿ ಬಂದೇಬಿಟ್ಟ. ಮುಂದೆ ಉಳಿದದ್ದು ಇವರೊಬ್ಬರೇ. ಇವರು ಅಡ್ಡ ಓಡಿದರು. ಕೈ ಚಾಚಿದರು, ಸಿಗಲಿಲ್ಲ. ನೆಲಕ್ಕೆ ಹಾರಿದರೆ ಮಾತ್ರ ಆ ಪಟ್ಟಿ ಕೈಗೆ ಸಿಗುತ್ತದೆ ಎಂದು ಏನೂ ತಿಳಿಯದ ನನಗೂ ಕಂಡಿತು. ಓಡುತ್ತಲೇ ಇವರು ಒಂದು ಸಲ ನನ್ನ ಕಡೆ ತಿರುಗಿದರು. ಅಯ್ಯೋ ದೇವರೇ, ಆ ಹೊತ್ತಿನಲ್ಲೂ ಕರಾರಿನ ಯೋಚನೆ ಈ ಮನುಷ್ಯನಿಗೆ!

“ಬೀಳ್ರೀ!” ಎಂದು ಕಿರುಚಿದೆ. “ಏನ್ರೀ ನೋಡ್ತೀರಾ, ಬೀಳಿ!”

ಬಿದ್ದರು. ಬಿದ್ದದ್ದೆಂದರೆ ಸುಮ್ಮನೆ ಅಲ್ಲ, ಕೆಸರು ಎರಡೂ ಕಡೆ ಚಿಮ್ಮಿ ಹಾರಿತು. ನನ್ನ ಜೀವ ಬಾಯಿಗೆ ಬಂತು. ಆಮೇಲೆ ಕೆಸರಿನೊಳಗಿಂದ ಒಂದು ಕೈ ಮೇಲೆದ್ದಿತು. ಅದರಲ್ಲಿ ಕೆಂಪು ಪಟ್ಟಿ ಇತ್ತು.

ಎಲ್ಲರೂ ಇವರ ಕಡೆ ಓಡಿದರು. ಇವರು ಅವರನ್ನೆಲ್ಲ ಬಿಡಿಸಿಕೊಂಡು, ಕಾಲು ಎರಡೂ ನೆಟ್ಟಗೇ ಇದ್ದವು ಸದ್ಯ, ಸೀದಾ ನನ್ನ ಮುಂದೆ ಬಂದು ನಿಂತರು. ಹಣೆ, ಕೆನ್ನೆ, ಮೂಗು ಎಲ್ಲ ಕೆಸರು. ಮೀಸೆಯಿಂದ ತೊಟ್ಟಿಕ್ಕುತ್ತಿತ್ತು.

“ಮೀಸೆ ಮಣ್ಣಾಯ್ತು ಕಣೇ” ಎಂದರು ಮೆಲ್ಲಗೆ. “ಮಾತು ಅಂದ್ರೆ ಮಾತು. ಡೇಲ್‌ಗೆ ಹೇಳ್ಬಿಡ್ತೀನಿ.”

ಸೆರಗಿನ ತುದಿ ಕೈಗೆ ತೆಗೆದುಕೊಂಡೆ. ಅದು ಮೈಸೂರು ರೇಷ್ಮೆ, ಹೋದರೆ ಹೋಗಲಿ. ಅಷ್ಟು ಜನರ ಮುಂದೆ ಆ ಮೀಸೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿಕ್ಕಿ ತಿಕ್ಕಿ ಒರೆಸಿದೆ.

“ಎಲ್ರೀ ಮಣ್ಣು? ನನಗೇನೂ ಕಾಣಿಸ್ತಿಲ್ಲ.”

“ಅಮ್ಮಾ, ಫುಲ್ ಮಡ್ ಲಾ!” ಎಂದಳು ಶ್ರೀಯಾ, ಆ ಊರಿನ ಮಕ್ಕಳ ಮಾತಿನ ಧಾಟಿಯಲ್ಲಿ.

“ನೀನು ಸುಮ್ನಿರೇ” ಎಂದೆ. ಇವರು ಇನ್ನೂ ನಂಬದೆ ನನ್ನನ್ನೇ ನೋಡುತ್ತಾ ನಿಂತಿದ್ದರು. ಭುಜ ಹಿಡಿದು ಮೈದಾನದ ಕಡೆ ತಿರುಗಿಸಿದೆ.

“ಆಟ ಇನ್ನೂ ಮುಗ್ದಿಲ್ಲ. ಹೋಗಿ, ಹಿಂದೆ ನಿಮ್ಮ ಜಾಗ ಖಾಲಿ ಇದೆ.”